ಹನ್ನೊಂದನೇ ಕಂಡಿಕೆ

‘ಅರ್ಜಿದಾರರಿಗೆ ಪತ್ರ ಬರೆಯುವ ಪರಿಣತಿ ಇರುವುದಿಲ್ಲ’ ಎಂದರೆ ಸಾಕೇ, ‘ಕಿಂಚಿತ್ತೂ ಇರುವುದಿಲ್ಲ’ ಎನ್ನಬೇಕೇ? ಕಿಂಚಿತ್ತೂ ಎಂದರೆ ತುಸು ಹೆಚ್ಚಾಯಿತೇನೋ. ಆದರೆ ಅದಿಲ್ಲದಿದ್ದರೆ ವಾಕ್ಯ ಸಪ್ಪೆಯಾಗುತ್ತದೆ, ಓದಿದವರಿಗೆ ಅರ್ಜಿದಾರನ ಮೇಲೆ ಕನಿಕರ ಹುಟ್ಟಿದರೂ ಹುಟ್ಟೀತು. ಕನಿಕರ ಹುಟ್ಟಿಸುವ ಉತ್ತರ ಒಂದು ಉತ್ತರವೇ? ಹಾಕಿಬಿಡಬೇಕು. ಆದರೆ ಅದು ನಿಜವೇ? ನಿಜದ ವಿಚಾರ ಬೇರೆ. ಅದನ್ನು ಯಾರೂ ಕೇಳಿಲ್ಲ.

ಹೀಗೆ ಯೋಚಿಸುತ್ತ, ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಳ್ಳುತ್ತ, ಸರ್ಕಾರಿ ಶಾಲೆಯ ಕಚೇರಿಯಲ್ಲಿ ಕೂತಿದ್ದ ಗುಮಾಸ್ತ ಕೊನೆಗೆ ‘ಕಿಂಚಿತ್ತೂ’ ಸೇರಿಸಿದ. ನ್ಯಾಯಾಲಯಕ್ಕೆ ಇಲಾಖೆ ಸಲ್ಲಿಸಬೇಕಾಗಿದ್ದ ಉತ್ತರದ ಹನ್ನೊಂದನೇ ಕಂಡಿಕೆ ಅಲ್ಲಿಗೆ ಮುಗಿಯಿತು. ಊರಿನವರು ಪ್ಯಾರಾ ಎನ್ನುವುದನ್ನು ಅವನು ಕಚೇರಿ, ಕೋರ್ಟುಗಳ ಭಾಷೆಯಲ್ಲಿ ಕಂಡಿಕೆ ಎನ್ನುತ್ತಿದ್ದ. ಪ್ಯಾರಾ ಎಂದರೆ ಅವನಿಗೆ ಬರಿಗಾಲಲ್ಲಿ ಕಚೇರಿಗೆ ಬಂದಂತೆ ಅನ್ನಿಸುತ್ತಿತ್ತು. ಅವನು ಆ ಕಂಡಿಕೆಯನ್ನು ಎರಡು ಸಲ ಓದಿ, ತನ್ನಷ್ಟಕ್ಕೇ ತಲೆದೂಗಿದ. ಅರ್ಜಿದಾರ ಇನ್ನು ಏಳುವ ಹಾಗಿರಲಿಲ್ಲ.

ಆ ಅರ್ಜಿದಾರ ಅವನೇ.

ಇದು ಹೇಗಾಯಿತೆಂದು ಹೇಳುವ ಮೊದಲು ಅವನ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕು. ಊರಿನವರು ಅವನನ್ನು ‘ಮೇಲ್ಕಂಡ’ ಎಂದು ಕರೆಯುತ್ತಿದ್ದರು. ಅವನ ಪತ್ರಗಳೆಲ್ಲ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದೇ ಶುರುವಾಗುತ್ತಿದ್ದವು. ಮಾತೂ ಕೆಲವೊಮ್ಮೆ ಹಾಗೇ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಬರೆದ ಕಾಗದವೂ ಹಾಗೇ ಶುರುವಾಗಿತ್ತಂತೆ. ಅದಕ್ಕೆ ಅವಳು ಇವತ್ತಿಗೂ ಉತ್ತರ ಕೊಟ್ಟಿಲ್ಲ.

ಮೇಲ್ಕಂಡ ಹದಿನಾಲ್ಕು ವರ್ಷದಿಂದ ಆ ಶಾಲೆಯ ಒಬ್ಬನೇ ಗುಮಾಸ್ತ. ಹದಿನಾಲ್ಕು ವರ್ಷ ಎಂಬುದು ತಪ್ಪು. ಇಲಾಖೆಯ ಪ್ರಕಾರ ಅವನು ಹದಿನಾಲ್ಕು ಸಲ, ಹತ್ತು ಹತ್ತು ತಿಂಗಳ ಗುತ್ತಿಗೆಯ ಮೇಲೆ, ‘ಅನಿರೀಕ್ಷಿತವಾಗಿ ಒದಗಿದ ತಾತ್ಕಾಲಿಕ ಕೆಲಸದ ಒತ್ತಡ’ ನಿಭಾಯಿಸಲು ಬಂದವನು. ಪ್ರತಿ ವರ್ಷ ಶಾಲೆ ತೆರೆಯುತ್ತಿತ್ತು, ಪ್ರತಿ ವರ್ಷ ಮಕ್ಕಳು ಬರುತ್ತಿದ್ದರು, ಪ್ರತಿ ವರ್ಷವೂ ಇಲಾಖೆ ಬೆಚ್ಚಿಬೀಳುತ್ತಿತ್ತು. ಶಾಲೆಗೆ ಮಕ್ಕಳು ಬರುತ್ತಾರೆಂದು ಅದಕ್ಕೆ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ. ಆಮೇಲೆ ಹತ್ತು ತಿಂಗಳು ಕಳೆದು ಮಕ್ಕಳು ರಜೆಗೆ ಹೋದಾಗ, ಸದ್ಯ ಒತ್ತಡ ಮುಗಿಯಿತು ಎಂದು ಇಲಾಖೆ ನಿಟ್ಟುಸಿರು ಬಿಟ್ಟು ಮೇಲ್ಕಂಡನನ್ನು ಕೆಲಸದಿಂದ ಬಿಡುಗಡೆ ಮಾಡುತ್ತಿತ್ತು.

ಆ ಬಿಡುಗಡೆ ಆದೇಶವನ್ನು ಬರೆಯುತ್ತಿದ್ದವನೂ ಅವನೇ. ಬೇರೆ ಯಾರು ಬರೆಯಬೇಕು? ಹೆಡ್‌ಮಾಸ್ಟರಿಗೆ ಸಹಿ ಮಾತ್ರ ಬರುತ್ತಿತ್ತು. ಮೇಲ್ಕಂಡ ತನ್ನನ್ನು ತೆಗೆಯುವ ಆದೇಶವನ್ನು ತಾನೇ ಟೈಪ್ ಮಾಡಿ, ಸಹಿ ಹಾಕಿಸಿ, ಹೊರಹೋಗುವ ಪತ್ರಗಳ ಪುಸ್ತಕದಲ್ಲಿ ನಂಬರು ಹಚ್ಚಿ, ಎದ್ದು ಮೇಜಿನ ಈಚೆ ಬಂದು ತಾನೇ ಪಡೆದುಕೊಂಡು, ‘ತಲುಪಿದೆ’ ಎಂದು ಬರೆದುಕೊಟ್ಟು ಮನೆಗೆ ಹೋಗುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಆದೇಶ ತಡವಾಗಿರಲಿಲ್ಲ. ಈ ಬಗ್ಗೆ ಅವನಿಗೆ ಹೆಮ್ಮೆಯಿತ್ತು ಎಂದರೆ ಓದುಗರಿಗೆ ಸಿಟ್ಟು ಬರಬಹುದು. ಅವನ ಹೆಂಡತಿಗೂ ಬಂತು.

ಅವಳಿಗೆ ಸಿಟ್ಟು ಬಂದದ್ದು ಒಂದು ಸ್ಟೂಲಿನಿಂದ. ಅವನು ಮರೆತುಹೋದ ಕನ್ನಡಕ ಕೊಡಲು ಶಾಲೆಗೆ ಬಂದವಳು, ಮೂರೂವರೆ ಕಾಲಿನ ಒಂದು ಸ್ಟೂಲಿನ ಮೇಲೆ ಕೂರಲು ಹೋಗಿ ಬೀಳುವುದರಲ್ಲಿದ್ದಳು.

“ಇದನ್ನ ಒಲೆಗೆ ಹಾಕಬಾರದಾ?” ಎಂದಳು.

“ಅಯ್ಯೋ, ಹಾಗೆಲ್ಲ ಹಾಕೋಕಾಗಲ್ಲ ಕಣೇ. ನೋಡು, ನಂಬರ್ ಬರೆದಿದೆ. ಇದು ಕಾಯಂ ದಾಸ್ತಾನು. ತೆಗೀಬೇಕು ಅಂದ್ರೆ ಮೂರು ಜನರ ಸಮಿತಿ ಬಂದು ನೋಡ್ಬೇಕು, ಸ್ಟೂಲಿನ ಸ್ಥಿತಿ ಬಗ್ಗೆ ವರದಿ ಕೊಡ್ಬೇಕು, ಮೇಲಿನ ಕಚೇರಿ ಒಪ್ಪಬೇಕು. ಕಡಿಮೆ ಅಂದ್ರೂ ಎರಡು ವರ್ಷ.”

“ನಿಮ್ಮನ್ನ ತೆಗೆಯೋಕೆ?”

“ನಂದು... ತಾನಾಗೇ ಮುಗಿಯುತ್ತೆ.”

ಅವಳು ಸ್ಟೂಲನ್ನು ನೋಡಿದಳು. ಗಂಡನನ್ನು ನೋಡಿದಳು. ಕನ್ನಡಕವನ್ನು ಮೇಜಿನ ಮೇಲೆ ಕುಕ್ಕಿ ನೇರವಾಗಿ ತಂಗಿಯ ಮನೆಗೆ ಹೋದಳು. ತಂಗಿ ವಕೀಲೆ. ವಾರದೊಳಗೆ ಕೇಸು ದಾಖಲಾಯಿತು: ಹದಿನಾಲ್ಕು ಸಲ ಗುತ್ತಿಗೆ ಕೊಟ್ಟ ಕೆಲಸ ತಾತ್ಕಾಲಿಕವಲ್ಲ, ಕಾಯಂ ಕೆಲಸ, ಶಾಲೆಯ ಪತ್ರ ವ್ಯವಹಾರವೆಲ್ಲ ಇವರೊಬ್ಬರ ಕೈಯಲ್ಲೇ ನಡೆದಿದೆ, ಆದ್ದರಿಂದ ಇವರನ್ನು ಕಾಯಂ ಮಾಡಬೇಕು. ಗೆದ್ದರೆ ನೌಕರಿ, ನಿವೃತ್ತಿಯವರೆಗೆ. ಸೋತರೆ ನಲವತ್ತೊಂಬತ್ತನೇ ವಯಸ್ಸಿಗೆ ಮನೆ. ಕೋರ್ಟಿಗೆ ಹೋದವನಿಗೆ ಹದಿನೈದನೇ ಗುತ್ತಿಗೆ ಕೊಡುವಷ್ಟು ಇಲಾಖೆ ಮರೆಗುಳಿಯಾಗಿರಲಿಲ್ಲ.

ನಾದಿನಿ ಬರೆದ ಅರ್ಜಿಯನ್ನು ಓದಿ ಮೇಲ್ಕಂಡ ಮುಖ ಸಿಂಡರಿಸಿದ.

“ಇದನ್ನ ಬರೆದೋರ್ಯಾರು?”

“ನಾನೇ ಭಾವ. ಯಾಕೆ?”

“ಏನಿಲ್ಲ. ಆರನೇ ಕಂಡಿಕೇಲಿ ಒಂಚೂರು ಸಡಿಲ ಇದೆ. ಎದುರಿನೋನು ಬೆರಳು ಹಾಕಿದ್ರೆ ಪೂರ್ತಿ ಬಿಚ್ಕೊಳ್ಳುತ್ತೆ.”

“ಭಾವ, ನೀವು ಅರ್ಜಿದಾರರು. ಸಹಿ ಮಾಡಿ, ಸುಮ್ನಿರಿ.”

ಅವನು ಸಹಿ ಮಾಡಿ ಸುಮ್ಮನಾದ. ಅದೊಂದು ಕೆಲಸ ಅವನಿಗೆ ಬಹಳ ಚೆನ್ನಾಗಿ ಬರುತ್ತಿತ್ತು.

ಕೋರ್ಟಿನ ನೋಟಿಸು ಶಾಲೆಗೆ ಬಂದಾಗ ಅದನ್ನು ಪಡೆದುಕೊಂಡವನು ಮೇಲ್ಕಂಡ. ಮುದ್ರೆ ಒತ್ತಿ, ನಂಬರು ಹಚ್ಚಿ, ಹೆಡ್‌ಮಾಸ್ಟರ ಮುಂದಿಟ್ಟ.

“ಯಾರೋ ನಮ್ಮ ಮೇಲೆ ಕೇಸ್ ಹಾಕಿದಾರಲ್ರೀ!” ಹೆಡ್‌ಮಾಸ್ಟರು ಕುರ್ಚಿಯಲ್ಲಿ ನೆಟ್ಟಗಾದರು. “ಯಾರ್ರೀ ಇವನು, ಅರ್ಜಿದಾರ?”

“ನಾನೇ ಸಾರ್.”

“ಹೌದಾ.” ಅವರು ಮತ್ತೆ ಕುರ್ಚಿಗೆ ಒರಗಿದರು. “ಸದ್ಯ, ನಾನು ಯಾರೋ ಹೊರಗಿನೋರು ಅಂದ್ಕೊಂಡೆ. ಸರಿ, ಇದಕ್ಕೊಂದು ಉತ್ತರ ರೆಡಿ ಮಾಡಿಬಿಡಿ.”

“ಸಾರ್, ಕೇಸು ನಂದೇ...”

“ಇನ್ನೂ ಸುಲಭ ಆಯ್ತಲ್ರೀ. ವಿಷಯ ಎಲ್ಲಾ ನಿಮ್ಗೇ ಗೊತ್ತು. ಬೇರೆಯೋರಾದ್ರೆ ಫೈಲ್ ಹುಡುಕ್ಬೇಕು.”

“ನಾನೇ ಬರೆದ್ರೆ ಸರಿಯಾಗುತ್ತಾ ಸಾರ್?”

ಹೆಡ್‌ಮಾಸ್ಟರು ಕೆಟ್ಟವರಲ್ಲ. ಆದ್ದರಿಂದಲೇ ಅವರ ಮಾತಿಗೆ ಎದುರಾಡುವುದು ಕಷ್ಟವಾಗುತ್ತಿತ್ತು. “ನೋಡಿ, ಎಂಟು ದಿನದೊಳಗೆ ಉತ್ತರ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ಕರ್ತವ್ಯಲೋಪ ಅಂತ ನಿಮ್ಗೊಂದು ನೋಟಿಸ್ ಕೊಡ್ಬೇಕಾಗುತ್ತೆ. ಅದನ್ನೂ ನೀವೇ ಟೈಪ್ ಮಾಡ್ಬೇಕು. ಸುಮ್ನೆ ಎರಡೆರಡು ಕೆಲಸ ಯಾಕೆ?”

ಮೇಲ್ಕಂಡ ಮೊದಲು ಬರೆದದ್ದು ಒಂದೇ ಪುಟ. ಅರ್ಜಿದಾರರು ಹೇಳಿರುವುದನ್ನು ಪರಿಶೀಲಿಸಬಹುದಾಗಿದೆ ಎಂಬ ಧಾಟಿ. ಹೆಡ್‌ಮಾಸ್ಟರು ಓದದೆ ಸಹಿ ಹಾಕಿದರು. ಅದು ಮೇಲಿನ ಕಚೇರಿಯ ಅಧಿಕಾರಿಯ ಬಳಿಗೆ ಹೋಗಿ ನಾಲ್ಕನೇ ದಿನ ವಾಪಸು ಬಂತು. ಪುಟದ ಉದ್ದಕ್ಕೂ ಕೆಂಪು ಶಾಯಿಯ ಗೆರೆ. ಅಂಚಿನಲ್ಲಿ: ‘ತೀರಾ ಪೇಲವ. ಇದನ್ನು ಬರೆದವರಿಗೆ ಬರೆಯಲು ಬರುವುದಿಲ್ಲವೇ? ಅರ್ಜಿದಾರರಿಗೆ ಪತ್ರ ವ್ಯವಹಾರ ತಿಳಿಯದು, ಅದನ್ನೆಲ್ಲ ಇಲಾಖೆಯ ಕಾಯಂ ಸಿಬ್ಬಂದಿಯೇ ನೋಡಿಕೊಳ್ಳುವರು ಎಂದು ಒಂದು ಕಂಡಿಕೆ ಸೇರಿಸಿ.’

ಕಾಯಂ ಸಿಬ್ಬಂದಿ ಎಂಬುದು ಆ ಕಚೇರಿಯಲ್ಲಿ ಸ್ಟೂಲೊಂದೇ ಇತ್ತು. ಆದರೆ ಮೇಲ್ಕಂಡನಿಗೆ ಚುಚ್ಚಿದ್ದು ಆ ಸುಳ್ಳಲ್ಲ. ಹದಿನಾಲ್ಕು ವರ್ಷದಲ್ಲಿ ಅವನ ಕರಡು ವಾಪಸು ಬಂದದ್ದು ಇದೇ ಮೊದಲು. ‘ಬರೆಯಲು ಬರುವುದಿಲ್ಲವೇ?’ ಅವನ ಕಿವಿ ಕೆಂಪಾಯಿತು. ಉಳಿದವರು ಸಿಟ್ಟು ಬಂದಾಗ ತಟ್ಟೆ ಎಸೆಯುತ್ತಾರೆ, ಬಾಗಿಲು ಬಡಿಯುತ್ತಾರೆ. ಮೇಲ್ಕಂಡ ಕಂಡಿಕೆಗಳಿಗೆ ನಂಬರು ಹಾಕತೊಡಗಿದ. ಇಲಾಖೆಯ ಮೇಲೆ, ಅಧಿಕಾರಿಯ ಮೇಲೆ, ಹದಿಮೂರು ಬಿಡುಗಡೆ ಆದೇಶಗಳ ಮೇಲೆ ಇದ್ದ ಸಿಟ್ಟನ್ನೆಲ್ಲ ಒಟ್ಟುಮಾಡಿ ಅರ್ಜಿದಾರನ ಮೇಲೆ ತೀರಿಸಿಕೊಂಡ. ಬೇರೆ ಯಾರ ಮೇಲೂ ತೀರಿಸಿಕೊಂಡು ಅವನಿಗೆ ಅಭ್ಯಾಸವಿರಲಿಲ್ಲ.

ನಾದಿನಿಯ ಆರನೇ ಕಂಡಿಕೆಯ ಸಡಿಲಿನಲ್ಲಿ ಬೆರಳಲ್ಲ, ಇಡೀ ಕೈ ಹಾಕಿದ. ಅರ್ಜಿದಾರರು ಹದಿನಾಲ್ಕು ಗುತ್ತಿಗೆಗಳಿಗೂ ಯಾರ ಬಲವಂತವೂ ಇಲ್ಲದೆ ಸಹಿ ಮಾಡಿದ್ದಾರೆ. ಈವರೆಗಿನ ಹದಿಮೂರು ಬಿಡುಗಡೆ ಆದೇಶಗಳನ್ನೂ ತಕರಾರಿಲ್ಲದೆ, ಅದೂ ಅದೇ ದಿನ, ಸ್ವೀಕರಿಸಿದ್ದಾರೆ. ಇಷ್ಟು ವರ್ಷ ಮೌನವಾಗಿದ್ದವರು ಈಗ ಮಾತಾಡುವುದೇ ಅನುಮಾನಕ್ಕೆ ಆಸ್ಪದ. ಕೊನೆಗೆ ಹನ್ನೊಂದನೇ ಕಂಡಿಕೆ: ಅರ್ಜಿದಾರರು ಮಾಡುತ್ತಿದ್ದುದು ಲಕೋಟೆ ಅಂಟಿಸುವ, ಅಂಚೆಚೀಟಿ ಹಚ್ಚುವ ಕೆಲಸ ಮಾತ್ರ, ಪತ್ರ ಬರೆಯುವ ಪರಿಣತಿ ಅವರಿಗೆ ಕಿಂಚಿತ್ತೂ ಇರುವುದಿಲ್ಲ, ಅದು ಇಲಾಖೆಯ ನುರಿತ ಸಿಬ್ಬಂದಿಯ ಹೊಣೆ. ಆ ಹನ್ನೊಂದು ಕಂಡಿಕೆಗಳಲ್ಲಿ ಒಂದು ಅಕ್ಷರ ಕೀಳುವಂತಿರಲಿಲ್ಲ. ಈ ಸಲ ಅಧಿಕಾರಿ ಕೆಂಪು ಶಾಯಿಯಲ್ಲಿ ಬರೆದದ್ದು ಒಂದೇ ಮಾತು: ‘ಭೇಷ್.’ ಉತ್ತರ ಅಧಿಕಾರಿಯ ಸಹಿಯೊಂದಿಗೆ ಮೇಲಿನ ಕಚೇರಿಯಿಂದಲೇ ಕೋರ್ಟಿಗೆ ಹೋಯಿತು.

ಮುಂದಿನ ವಾರ ನಾದಿನಿ ಅದರ ಪ್ರತಿ ಹಿಡಿದು ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

“ಅಕ್ಕಾ, ಮೇಲಿನ ಕಚೇರೀಲಿ ಯಾವನೋ ಒಬ್ಬ ಇದಾನೆ ಕಣೇ. ರಾಕ್ಷಸ! ನನ್ನ ಅರ್ಜೀನ ಕೋಳಿ ಕೆದಕಿದ ಹಾಗೆ ಕೆದಕಿ ಹಾಕಿದಾನೆ.”

“ಏನು ಬರೆದಿದಾನೆ?”

ನಾದಿನಿ ಹನ್ನೊಂದನೇ ಕಂಡಿಕೆ ಓದಿದಳು. ಹೆಂಡತಿ ಕೈಯಲ್ಲಿದ್ದ ಸೌಟನ್ನು ಮೇಲೆತ್ತಿದಳು. “ಲಕೋಟೆ ಅಂಟಿಸ್ತಿದ್ರಾ? ನನ್ನ ಗಂಡ ಲಕೋಟೆ ಅಂಟಿಸ್ತಿದ್ರಾ? ಹೊಟ್ಟೆಗೆ ಅನ್ನ ತಿಂತಾನಾ ಇನ್ನೇನಾದ್ರೂ ತಿಂತಾನಾ ಅವನು? ಅವನ ಕೈ ಸೇದಿಹೋಗ!”

ಮೇಲ್ಕಂಡ ತನ್ನ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ.

ಗದ್ದಲ ಕೇಳಿ ಕೆಳಮನೆಯ ದರ್ಜಿ ಕತ್ತಿನಲ್ಲಿ ಟೇಪು ನೇತುಹಾಕಿಕೊಂಡೇ ಬಂದ. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಬಂದರು. ಕಂಡಿಕೆಯನ್ನು ಮತ್ತೆ ಓದಲಾಯಿತು. ದರ್ಜಿ, “ಅವನ ಅಳತೆ ಕೊಡಿ ಅಕ್ಕ, ಮಿಕ್ಕಿದ್ದು ನಾನು ನೋಡ್ಕೋತೀನಿ” ಎಂದ. ಪೋಸ್ಟ್‌ಮಾಸ್ಟರು ಕನ್ನಡಕ ಏರಿಸಿ ತಾವೇ ಒಮ್ಮೆ ಓದಿಕೊಂಡರು.

“ಪಾಪಿ. ಆದ್ರೆ ಕೈ ಚೆನ್ನಾಗಿದೆ,” ಎಂದರು.

“ಹೌದಾ?” ಎಂದ ಮೇಲ್ಕಂಡ. ಅಷ್ಟು ಹೊತ್ತಿನಲ್ಲಿ ಅವನು ಆಡಿದ್ದು ಅದೇ ಮೊದಲ ಮಾತು. “ಅಂದ್ರೆ, ಯಾವ ಭಾಗ ಚೆನ್ನಾಗಿದೆ?”

“ರೀ!” ಎಂದಳು ಹೆಂಡತಿ.

“ಈ ‘ಕಿಂಚಿತ್ತೂ’ ಇದೆಯಲ್ಲ,” ಪೋಸ್ಟ್‌ಮಾಸ್ಟರು ಕಾಗದವನ್ನು ಬೆಳಕಿಗೆ ಹಿಡಿದರು, “ಇದನ್ನ ನಾನು ಎಲ್ಲೋ ಓದಿದೀನಿ. ನಮ್ಮ ಬೀದಿ ನಲ್ಲಿ ನೀರಿನ ಬಗ್ಗೆ ಒಂದು ದೂರು ಕಳಿಸಿದ್ವಲ್ಲ, ನೀವೇ ಬರೆದುಕೊಟ್ಟಿದ್ದು...”

ಮೇಲ್ಕಂಡನ ಬಾಯಿ ಅರ್ಧ ತೆರೆಯಿತು.

“ಕದ್ದಿದಾನೆ!” ಎಂದು ಕಿರುಚಿದಳು ಹೆಂಡತಿ. “ನಮ್ಮೋರ ಪತ್ರ ಓದಿ ಓದಿ, ಅದೇ ಮಾತು ಕದ್ದು, ಅವರಿಗೇ ಹೊಡೀತಿದಾನೆ! ಕಳ್ಳ ನನ್ಮಗ!”

ಎಲ್ಲರಿಗೂ ಇದು ಸರಿ ಎನ್ನಿಸಿತು. ಮೇಲ್ಕಂಡನ ಬಾಯಿ ಮುಚ್ಚಿಕೊಂಡಿತು. ಎರಡು ತಿಂಗಳು, ಅಂದರೆ ಕೇಸು ವಿಚಾರಣೆಗೆ ಬರುವವರೆಗೆ, ಆ ಮನೆಯಲ್ಲಿ ಹಾಲು ಉಕ್ಕಿದರೂ, ದೀಪ ಆರಿದರೂ, ನಲ್ಲಿ ನಿಂತರೂ ಉತ್ತರ ಬರೆದವನಿಗೆ ಶಾಪ ಬೀಳುತ್ತಿತ್ತು. ಮೇಲ್ಕಂಡ ಪ್ರತಿ ಸಲವೂ “ಹೂಂ” ಎನ್ನುತ್ತಿದ್ದ. ಹೂಂಗುಟ್ಟದ ದಿನ ಹೆಂಡತಿ, “ಸಿಟ್ಟೇ ಬರಲ್ವಲ್ರೀ ನಿಮ್ಗೆ! ಯಾವ ಮಣ್ಣಲ್ಲಿ ಮಾಡಿದಾರೋ!” ಎನ್ನುತ್ತಿದ್ದಳು.

ವಿಚಾರಣೆಯ ದಿನ ಕೋರ್ಟಿನ ಮೂರನೇ ಬೆಂಚಿನಲ್ಲಿ ಹೆಂಡತಿ, ದರ್ಜಿ, ಪೋಸ್ಟ್‌ಮಾಸ್ಟರು ಸಾಲಾಗಿ ಕೂತಿದ್ದರು. ಗೋಡೆಯ ಕಡೆ ಹೆಡ್‌ಮಾಸ್ಟರು ತಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸರ್ಕಾರಿ ವಕೀಲರು ಫೈಲನ್ನು ಮೊದಲ ಸಲ ತೆರೆಯುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು.

ನಾದಿನಿ ಚೆನ್ನಾಗಿಯೇ ವಾದಿಸಿದಳು. “ಸ್ವಾಮಿ, ಹದಿನಾಲ್ಕು ವರ್ಷ ನಡೆದ ಕೆಲಸ ತಾತ್ಕಾಲಿಕ ಅಂದ್ರೆ, ಮನುಷ್ಯನ ಆಯುಸ್ಸೇ ತಾತ್ಕಾಲಿಕ ಅನ್ನಬೇಕಾಗುತ್ತೆ. ಈ ಶಾಲೆಯಲ್ಲಿ ಒಂದು ಪತ್ರ ಬರೆಯೋಕೆ ಇವರನ್ನ ಬಿಟ್ಟು ಗತಿಯಿಲ್ಲ.”

ನ್ಯಾಯಾಧೀಶರು ಇಲಾಖೆಯ ಉತ್ತರವನ್ನು ಕೈಗೆ ತೆಗೆದುಕೊಂಡರು. “ಅಲ್ಲಮ್ಮ, ಹಾಗಂತೀರಿ. ಆದರೆ ಈ ಉತ್ತರ ನೋಡಿ. ನಾನು ಇಪ್ಪತ್ತು ವರ್ಷದಿಂದ ಸರ್ಕಾರದ ಉತ್ತರ ಓದ್ತಾ ಇದೀನಿ. ಅರ್ಧಕ್ಕೆ ಸಹಿ ಇರಲ್ಲ, ಇನ್ನರ್ಧಕ್ಕೆ ಅರ್ಥ ಇರಲ್ಲ. ಇದು ನೋಡಿ, ಎಷ್ಟು ಬಿಗಿಯಾಗಿದೆ. ಏನು ಭಾಷೆ!” ಅವರು ಸರ್ಕಾರಿ ವಕೀಲರ ಕಡೆ ತಿರುಗಿದರು. “ಯಾರು ಸಿದ್ಧ ಮಾಡಿದ್ದು ಇದನ್ನ?”

ಸರ್ಕಾರಿ ವಕೀಲರಿಗೆ ಗೊತ್ತಿರಲಿಲ್ಲ. “ಇಲಾಖೆಯವರೇ ಸ್ವಾಮಿ. ಸಮರ್ಥ ಸಿಬ್ಬಂದಿಗೆ ನಮ್ಮಲ್ಲಿ ಕೊರತೆ ಇಲ್ಲ.”

“ಅದೇ ನಾನು ಹೇಳೋದು. ಇಂಥವರು ಇರೋವಾಗ ಪತ್ರ ಬರೆಯೋಕೆ ಅರ್ಜಿದಾರರೇ ಬೇಕು ಅನ್ನೋ ವಾದ ಹೇಗೆ ನಿಲ್ಲುತ್ತೆ? ಹನ್ನೊಂದನೇ ಕಂಡಿಕೆಗೆ ನಿಮ್ಮ ಉತ್ತರ ಏನು?”

ನಾದಿನಿ ಫೈಲು ತಿರುವಿದಳು. ಹದಿನಾಲ್ಕು ವರ್ಷದ ಪತ್ರಗಳೆಲ್ಲ ಹೆಡ್‌ಮಾಸ್ಟರ ಸಹಿಯಲ್ಲಿದ್ದವು. ಒಂದರ ಮೇಲೂ ಮೇಲ್ಕಂಡನ ಗುರುತಿರಲಿಲ್ಲ. ಗೋಡೆಯ ಕಡೆ ಹೆಡ್‌ಮಾಸ್ಟರು ಚೀಲದ ಜಿಪ್ಪನ್ನು ತೆರೆದು ಮುಚ್ಚಿದರು, ತೆರೆದು ಮುಚ್ಚಿದರು.

ನ್ಯಾಯಾಧೀಶರು ಕನ್ನಡಕ ತೆಗೆದರು. “ಅರ್ಜಿದಾರರು ಯಾರು? ಎದ್ದು ನಿಲ್ಲಿ. ನೀವೇನಾದ್ರೂ ಹೇಳೋದಿದ್ರೆ ಹೇಳಿ. ಹೆದರಬೇಡಿ.”

ಮೇಲ್ಕಂಡ ಎದ್ದು ನಿಂತ. ಹೇಳಬೇಕಾದ್ದು ಒಂದೇ ವಾಕ್ಯ. ಅದಕ್ಕೆ ಕಂಡಿಕೆಯೂ ಬೇಡ, ನಂಬರೂ ಬೇಡ. ಅವನು ಹೆಡ್‌ಮಾಸ್ಟರನ್ನು ನೋಡಿದ. ಅವರು ಚೀಲದೊಳಗೆ ಏನನ್ನೋ ಹುಡುಕುತ್ತಿದ್ದರು. ಮೂರನೇ ಬೆಂಚಿನ ಕಡೆ ನೋಡಿದ. ಹೆಂಡತಿ ಎರಡೂ ಮುಷ್ಟಿ ಬಿಗಿಹಿಡಿದು, ಹೇಳಿ, ಹೇಳಿ ಎಂದು ತಲೆಯಾಡಿಸುತ್ತಿದ್ದಳು. ಎರಡು ತಿಂಗಳು ಅವಳು ಬೈದ ಬೈಗುಳಗಳೆಲ್ಲ ಅವಳ ಪಕ್ಕದಲ್ಲಿ ಸಾಲಾಗಿ ಬಂದು ಕೂತಂತಿತ್ತು.

“ಏನೂ ಇಲ್ಲ ಸ್ವಾಮಿ,” ಎಂದ.

ಅರ್ಜಿ ವಜಾ ಆಯಿತು. ಆದೇಶದಲ್ಲಿ ಇಲಾಖೆಯ ಉತ್ತರದ ಬಗ್ಗೆ ಒಳ್ಳೆಯ ಮಾತು ನಾಲ್ಕು ಸಾಲಿತ್ತು. ಮೇಲಿನ ಕಚೇರಿಯಿಂದ, ‘ಉತ್ತರ ಸಿದ್ಧಪಡಿಸಿದ ಸಿಬ್ಬಂದಿಯನ್ನು ಅಭಿನಂದಿಸತಕ್ಕದ್ದು’ ಎಂದು ಶಾಲೆಗೆ ಪತ್ರ ಬಂತು. ಅದೇ ಲಕೋಟೆಯಲ್ಲಿ ಇನ್ನೊಂದು ಪತ್ರ: ಸದರಿ ಗುಮಾಸ್ತರ ಗುತ್ತಿಗೆಯನ್ನು ಇನ್ನು ಮುಂದೆ ನವೀಕರಿಸತಕ್ಕದ್ದಲ್ಲ. ಮೇಲ್ಕಂಡ ಎರಡಕ್ಕೂ ಬೇರೆ ಬೇರೆ ನಂಬರು ಹಚ್ಚಿದ. ಮೊದಲನೆಯದನ್ನು ಹೆಡ್‌ಮಾಸ್ಟರ ಮುಂದಿಟ್ಟಾಗ ಅವರು ಅವನ ಮುಖ ನೋಡದೆ, “ಫೈಲ್ ಮಾಡಿಬಿಡ್ರೀ” ಎಂದರು. ಅವನು ಫೈಲ್ ಮಾಡಿದ. ಎರಡನೆಯದರ ಆಧಾರದ ಮೇಲೆ ತನ್ನ ಕೊನೆಯ ಬಿಡುಗಡೆ ಆದೇಶ ಟೈಪ್ ಮಾಡಿಕೊಂಡು ಮನೆಗೆ ಬಂದ.

“ಮೇಲ್ಮನವಿಗೆ ತೊಂಬತ್ತು ದಿನ ಟೈಮಿದೆ,” ಎಂದಳು ನಾದಿನಿ. “ಆ ಉತ್ತರ ಬರೆದೋನು ಯಾರು ಅಂತ ಪತ್ತೆಯಾಗ್ಲಿ ಭಾವ. ಅವನು ಪತ್ರ ವ್ಯವಹಾರದ ಕಾಯಂ ನೌಕರ ಅಲ್ಲ ಅಂತ ತೋರಿಸಿದ್ರೆ ಸಾಕು, ಹನ್ನೊಂದನೇ ಕಂಡಿಕೆ ಬಿದ್ದುಹೋಗುತ್ತೆ. ಅದು ಬಿದ್ರೆ ಕೇಸು ನಮ್ದೇ.”

“ಹುಡುಕೋಣ,” ಎಂದಳು ಹೆಂಡತಿ. “ಮನೆ ಮನೆ ಹುಡುಕೋಣ.”

“ಹೂಂ,” ಎಂದ ಮೇಲ್ಕಂಡ.

ರಜೆ ಮುಗಿದು ಶಾಲೆ ತೆರೆಯಿತು. ಮಕ್ಕಳು ಬಂದರು. ಇಲಾಖೆ ಬೆಚ್ಚಿಬಿದ್ದು, ಅನಿರೀಕ್ಷಿತ ಒತ್ತಡ ನಿಭಾಯಿಸಲು ಹತ್ತು ತಿಂಗಳಿಗೆ ಹೊಸ ಗುಮಾಸ್ತನೊಬ್ಬನನ್ನು ನೇಮಿಸಿತು. ಎಂಟನೇ ದಿನ ಬೆಳಿಗ್ಗೆ ಹೆಡ್‌ಮಾಸ್ಟರು ಒಂದು ದಪ್ಪ ಫೈಲು ಕಂಕುಳಲ್ಲಿಟ್ಟುಕೊಂಡು ಮೇಲ್ಕಂಡನ ಮನೆಯ ಬಾಗಿಲಲ್ಲಿ ನಿಂತಿದ್ದರು. ಬಾಗಿಲು ತೆರೆದವಳು ಹೆಂಡತಿ.

“ಇದಾರಾಮ್ಮ? ಒಂದೇ ಒಂದು ಪತ್ರ. ಹೊಸಬನಿಗೆ ತಲೆಬುಡ ಗೊತ್ತಾಗ್ತಿಲ್ಲ. ಅರ್ಧ ಗಂಟೆ ಕೆಲಸ.”

“ನಮ್ಮೋರಿಗೆ ಪತ್ರ ಬರೆಯೋಕೆ ಬರಲ್ವಲ್ಲ ಸಾರ್. ಕಿಂಚಿತ್ತೂ.”

“ಅಯ್ಯೋ, ಅದು ಕೋರ್ಟಲ್ಲಿ ಹೇಳಿದ್ದು ತಾಯಿ. ಅದನ್ನೆಲ್ಲ ಮನಸಿಗೆ ಹಚ್ಕೋಬಾರದು.”

“ಹಚ್ಕೋಬಾರದಾ?” ಅವಳ ಧ್ವನಿ ಬೀದಿಯ ಆ ತುದಿಗೆ ಮುಟ್ಟಿತು. ಕೆಳಗೆ ದರ್ಜಿಯ ಮಿಷನ್ ನಿಂತಿತು. “ಹದಿನಾಲ್ಕು ವರ್ಷ ಬರೆಸ್ಕೊಂಡ್ರಿ. ನಿಮ್ಮ ರಜಾ ಅರ್ಜೀನೂ ಅವರೇ ಬರೆದ್ರು, ನಿಮ್ಮ ಬಡ್ತಿ ಪತ್ರಾನೂ ಅವರೇ ಬರೆದ್ರು. ಕೋರ್ಟಲ್ಲಿ ಗೋಡೆ ಪಕ್ಕ ಕೂತು ಚೀಲ ತಡಕ್ತಿದ್ರಲ್ಲ, ಒಂದು ಮಾತು ಹೇಳೋಕೆ ನಾಲಿಗೆ ಇರ್ಲಿಲ್ವಾ? ಈಗ ಯಾವ ಮುಖ ಹೊತ್ಕೊಂಡು ಬಂದ್ರಿ? ಹೋಗಿ, ಆ ಉತ್ತರ ಬರೆದ ಪುಣ್ಯಾತ್ಮ ಇದಾನಲ್ಲ, ಅವನ ಹತ್ರಾನೇ ಬರೆಸ್ಕೊಳ್ಳಿ!”

ಹೆಡ್‌ಮಾಸ್ಟರು ಅವಳ ಭುಜದ ಮೇಲಿನಿಂದ ಒಳಗೆ ನೋಡಿದರು. ಮೇಲ್ಕಂಡ ಅಡುಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೆಡ್‌ಮಾಸ್ಟರ ತುಟಿ ಅಲುಗಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವನು ಹೆಡ್‌ಮಾಸ್ಟರ ಮುಖದಿಂದ ಕಣ್ಣು ಕೀಳಲಿಲ್ಲ. ಹೆಡ್‌ಮಾಸ್ಟರೇ ಕಣ್ಣು ತಗ್ಗಿಸಿ, ಫೈಲನ್ನು ಕಂಕುಳು ಬದಲಾಯಿಸಿ, ಮೆಟ್ಟಿಲಿಳಿದರು.

ಹೆಂಡತಿ ಬಾಗಿಲು ಬಡಿದು ತಿರುಗಿದಳು. ಉಸಿರು ಏರಿಳಿಯುತ್ತಿತ್ತು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಬೆಳಕಿತ್ತು.

“ಸರಿಯಾಗಿ ಹೇಳಿದ್ನೇನ್ರೀ?”

“ಸರಿಯಾಗಿ ಹೇಳಿದೆ,” ಎಂದ ಅವನು.

ಮೇಲ್ಮನವಿಗೆ ಆಗ ಇನ್ನೂ ಹನ್ನೆರಡು ದಿನ ಉಳಿದಿತ್ತು. ಆ ಹನ್ನೆರಡು ದಿನವೂ ನಾದಿನಿ ಬಂದು ಹೋದಳು, ಪೋಸ್ಟ್‌ಮಾಸ್ಟರು ತಮ್ಮ ಹಳೆಯ ಪರಿಚಯದವರನ್ನೆಲ್ಲ ವಿಚಾರಿಸಿದರು, ದರ್ಜಿ ಮೇಲಿನ ಕಚೇರಿಯ ಜವಾನನ ಪ್ಯಾಂಟಿಗೆ ಬಿಟ್ಟಿಯಾಗಿ ತೇಪೆ ಹಾಕಿಕೊಟ್ಟು ಬಾಯಿ ಬಿಡಿಸಲು ನೋಡಿದ. ಹೆಂಡತಿ ಪ್ರತಿ ಸಂಜೆ ಅವನ ಎದುರು ಕೂತು, “ಯಾರಿರಬಹುದು ಹೇಳಿ, ನಿಮ್ಗೆ ಯಾರ ಮೇಲೆ ಅನುಮಾನ?” ಎಂದು ಕೇಳಿದಳು.

ಆ ಉತ್ತರವನ್ನು ಬರೆದವನು ತಾನೇ ಎಂದು ಅವನು ಹೇಳಲಿಲ್ಲ.